ಸೋಮವಾರ ಸಂಜೆ ಐದರ ಪ್ರಾರ್ಥನೆ

ಜರ್ಮನಿಯ ಲೈಪ್‌ಜಿಗ್‌ಗೆ ಬಂದ ಮೇಲೆ ಇದು ನನ್ನ ಮೂರನೇ ಚಳಿಗಾಲ. ಸೋಮವಾರ ಮಾತ್ರ ನಾಲ್ಕೂವರೆಗೇ ಲ್ಯಾಬಿನಿಂದ ಹೊರಟುಬಿಡುತ್ತೇನೆ. ಐದಕ್ಕೆ ನಿಕೊಲಾಯ್ ಚರ್ಚಿನಲ್ಲಿ ಶಾಂತಿ ಪ್ರಾರ್ಥನೆ. ಒಳಗೆ ಬಿಳಿ ಕಂಬಗಳು ಮೇಲೇರುತ್ತ ಏರುತ್ತ ತುದಿಯಲ್ಲಿ ಹಸಿರು ತಾಳೆಗರಿಗಳಾಗಿ ಬಿಚ್ಚಿಕೊಳ್ಳುತ್ತವೆ. ಮೊದಲ ದಿನ ತಲೆ ಎತ್ತಿ ನೋಡಿದಾಗ ನನಗೆ ಉಳ್ಳಾಲದ ತೆಂಗಿನ ತೋಟ ನೆನಪಾಗಿ ಕಣ್ಣು ತುಂಬಿತು. ಅಂದು ಬೆಂಚುಗಳಲ್ಲಿ ಮೂವತ್ತು ಜನವೂ ಇರಲಿಲ್ಲ.

"ಅಲ್ಲಿ ಚರ್ಚಿಗೆ ಜನ ಬರ್ತಾರಾ ಮಗಾ?" ಎಂದು ಅಮ್ಮ ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ. ಕಡಿಮೆ ಅಮ್ಮ. ಈ ಊರಿನಲ್ಲಿ ಯಾವುದಾದರೊಂದು ಚರ್ಚಿಗೆ ಸೇರಿದವರು ಐವರಲ್ಲಿ ಒಬ್ಬರೂ ಇಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದ ಕತೆ ಕೇಳುತ್ತ, ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿಸಿ ಹಾಡುತ್ತ ಬೆಳೆದ ನಮ್ಮಂಥವರಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ. ಆದರೂ ಕ್ರೈಸ್ತ ಸಭೆಯ ದನಿ ಅಂದರೆ ಏನು ಎಂದು ನನಗೆ ಗೊತ್ತಾದದ್ದು ಈ ಖಾಲಿ ಬೆಂಚುಗಳ ಊರಿನಲ್ಲೇ.

ಕಾಲೇಜಿನಲ್ಲಿದ್ದಾಗ ಎಸ್‌ಸಿಎಂ (ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್) ಎಂಬ ಕ್ರೈಸ್ತ ವಿದ್ಯಾರ್ಥಿ ಸಂಘಟನೆಯ ಕೂಟಗಳಿಗೆ ಹೋಗುತ್ತಿದ್ದೆ. ಊರಿನ ಅನ್ಯಾಯಗಳ ಬಗ್ಗೆ ಸಭೆ ಬಾಯಿ ಬಿಡಬೇಕೇ ಬೇಡವೇ ಎಂಬ ವಾದ ಅಲ್ಲಿ ಯಾವತ್ತೂ ಮುಗಿಯುತ್ತಿರಲಿಲ್ಲ. "ಪ್ರಾರ್ಥನೆ ಮಾಡಿ ಮಕ್ಕಳೇ, ರಾಜಕೀಯ ನಮಗ್ಯಾಕೆ?" ಎಂದು ಹಿರಿಯರೊಬ್ಬರು ಹೇಳಿದರೆ ಅರ್ಧ ಜನ ತಲೆಯಾಡಿಸುತ್ತಿದ್ದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ಆಗುಸ್ಟುಸ್ ಚೌಕದಲ್ಲಿದೆ. ಅದರೊಳಗಿನ ಸಭಾಂಗಣದ ಚಾವಣಿಯಿಂದ ಗಾಜಿನ ಕಂಬಗಳು ಇಳಿಬಿದ್ದಿವೆ. ಕೆಲವು ನೆಲ ಮುಟ್ಟುವುದೇ ಇಲ್ಲ, ಅರ್ಧದಲ್ಲೇ ನಿಂತುಬಿಟ್ಟಿವೆ. ಅದೇ ಜಾಗದಲ್ಲಿ ಮೊದಲು ವಿಶ್ವವಿದ್ಯಾಲಯದ ಚರ್ಚು ಇತ್ತು. ಡೊಮಿನಿಕನ್ ಸನ್ಯಾಸಿಗಳು ಕಟ್ಟಿ 1240ರಲ್ಲಿ ಪ್ರತಿಷ್ಠೆಯಾದ ಅದಕ್ಕೆ 1545ರಲ್ಲಿ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬಂದು ಉಪದೇಶ ಮಾಡಿದ್ದರು. ಎರಡನೇ ಮಹಾಯುದ್ಧದ ಬಾಂಬುಗಳನ್ನೂ ಅದು ತಡೆದುಕೊಂಡಿತು. ಆದರೆ ಆಗ ಈ ಊರನ್ನು ಆಳುತ್ತಿದ್ದ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರಕ್ಕೆ, ಕಾರ್ಲ್ ಮಾರ್ಕ್ಸ್ ಹೆಸರಿಟ್ಟಿದ್ದ ಈ ವಿಶ್ವವಿದ್ಯಾಲಯದ ಎದೆಯಲ್ಲೇ ಚರ್ಚೊಂದು ನಿಂತಿರುವುದು ಬೇಕಿರಲಿಲ್ಲ. 1968ರ ಮೇ 23ರಂದು ನಗರಸಭೆ ಕೆಡವಲು ಒಪ್ಪಿತು. ವಿರೋಧವಾಗಿ ಬಿದ್ದದ್ದು ಒಂದೇ ಮತ. ಮೇ 30ರ ಬೆಳಿಗ್ಗೆ ಡೈನಮೈಟ್ ಇಟ್ಟು ಉರುಳಿಸಿದರು. ನೋಡುತ್ತ ನಿಂತವರಲ್ಲಿ ಹಲವರನ್ನು ಪೊಲೀಸರು ಎಳೆದುಕೊಂಡು ಹೋದರು.

ಮೂರು ವಾರ ಕಳೆದು, ಜೂನ್ 20ಕ್ಕೆ, ಬಾಖ್ ಸಂಗೀತ ಸ್ಪರ್ಧೆಯ ಸಮಾರೋಪ ನಡೆಯುತ್ತಿತ್ತು. ತುಂಬಿದ ಸಭೆಯ ಎದುರು, ವೇದಿಕೆಯ ಮೇಲಿನಿಂದ ಒಂದು ಬಟ್ಟೆ ತಾನಾಗಿ ಬಿಚ್ಚಿಕೊಂಡು ಇಳಿಯಿತು. ಅದರಲ್ಲಿ ಚರ್ಚಿನ ಚಿತ್ರ, ಕೆಳಗೆ "ಮತ್ತೆ ಕಟ್ಟಬೇಕೆಂದು ಒತ್ತಾಯಿಸುತ್ತೇವೆ" ಎಂಬ ಬರಹ. ಹಿಂದಿದ್ದದ್ದು ಅಲಾರಾಂ ಗಡಿಯಾರಕ್ಕೆ ಕಟ್ಟಿದ ಒಂದು ಏರ್ಪಾಡು. ಮಾಡಿದವರು ಭೌತಶಾಸ್ತ್ರದ ಯುವಕರು. ಅವರಲ್ಲಿ ಹರಾಲ್ಡ್ ಫ್ರಿಟ್ಶ್ ಮತ್ತು ಸ್ಟೆಫಾನ್ ವೆಲ್ಟ್ಸ್ಕ್ ಆಮೇಲೆ ಮಡಚುವ ದೋಣಿಯೊಂದರಲ್ಲಿ ಬಲ್ಗೇರಿಯಾದಿಂದ ಕಪ್ಪು ಸಮುದ್ರ ದಾಟಿ ಟರ್ಕಿಗೆ ತಪ್ಪಿಸಿಕೊಂಡರು. ಹಿಂದೆ ಉಳಿದವರಲ್ಲಿ ಡೀಟ್ರಿಖ್ ಕೋಖ್ ಜೈಲು ಕಂಡರು. ಫ್ರಿಟ್ಶ್ ಅವರ ಹೆಸರನ್ನು ಕ್ವಾರ್ಕುಗಳೆಂಬ ಸೂಕ್ಷ್ಮ ಕಣಗಳ ಸಿದ್ಧಾಂತದ ಪಾಠದಲ್ಲಿ ಓದಿಕೊಂಡೇ ಬಂದವನು ನಾನು. ಆ ಬಟ್ಟೆಯ ಕತೆ ಮಾತ್ರ ಇಲ್ಲಿಗೆ ಬರುವ ತನಕ ಗೊತ್ತಿರಲಿಲ್ಲ.

ಇಲ್ಲಿನ ವಿದ್ಯಾರ್ಥಿ ಸಭೆಯ ಕತೆ ಇನ್ನೂ ಹಿಂದಿನದು. ವಿದ್ಯಾರ್ಥಿಗಳ ಸಭಾಪಾಲಕರಾಗಿದ್ದ (ಪಾದ್ರಿ) ಗೇಯಾರ್ಗ್ ಜೀಗ್‌ಫ್ರೀಡ್ ಶ್ಮುಟ್ಸ್‌ಲರ್ ಅವರನ್ನು 1957ರಲ್ಲಿ ಹಿಡಿದು, ರಾಜ್ಯದ ವಿರುದ್ಧ ಜನರನ್ನು ಕೆರಳಿಸಿದರೆಂದು ಐದು ವರ್ಷದ ಶಿಕ್ಷೆ ಕೊಟ್ಟರು. ಅವರು ನಡೆಸುತ್ತಿದ್ದದ್ದು ವಿದ್ಯಾರ್ಥಿಗಳ ಕೂಟ, ಅಷ್ಟೇ. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಬಹುದಾದ ಒಂದು ಕೋಣೆ ಎಷ್ಟು ದೊಡ್ಡದು ಎಂಬುದು ಆ ಸರ್ಕಾರಕ್ಕೆ ನಮ್ಮ ಹಿರಿಯರಿಗಿಂತ ಚೆನ್ನಾಗಿ ಗೊತ್ತಿತ್ತು.

ನಿಕೊಲಾಯ್ ಚರ್ಚಿನ ಸೋಮವಾರದ ಪ್ರಾರ್ಥನೆ ಶುರುವಾದದ್ದು 1982ರ ಸೆಪ್ಟೆಂಬರಿನಲ್ಲಿ. ಸಭಾಪಾಲಕರಾಗಿದ್ದ ಕ್ರಿಸ್ಟಿಯಾನ್ ಫ್ಯೂರರ್ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟರು. ದೇವರನ್ನು ನಂಬುವವರು, ನಂಬದವರು, ದೇಶ ಬಿಡಲು ಅರ್ಜಿ ಹಾಕಿ ಕೆಲಸ ಕಳೆದುಕೊಂಡವರು, ಎಲ್ಲರೂ ಬಂದರು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು: ಸಭೆಯೂ ಹೆದರಿತ್ತು. 1988ರ ಬೇಸಿಗೆಯಲ್ಲಿ ಚರ್ಚಿನ ಮೇಲಿನವರೇ ಯುವಕರ ಗುಂಪುಗಳ ಕೈಯಿಂದ ಪ್ರಾರ್ಥನೆಯ ಹೊಣೆ ಕಿತ್ತುಕೊಂಡರು. ಅದನ್ನು ಹೊಂದಿಸುತ್ತಿದ್ದ ಸಭಾಪಾಲಕ ಕ್ರಿಸ್ಟೋಫ್ ವೊನ್ನೆಬೆರ್ಗರ್ ಅವರನ್ನು ಆ ಕೆಲಸದಿಂದ ಬಿಡಿಸಿದರು. ಒಳಗೆ ಮಾತು ಸಿಗದೆ ಹೋದ ಯುವಕರು ಚರ್ಚಿನ ಅಂಗಳಕ್ಕೆ ಬಂದು ನಿಂತರು. ಬೀದಿಯ ಪ್ರತಿಭಟನೆ ಶುರುವಾದದ್ದೇ ಅಲ್ಲಿಂದ. ಮರುವರ್ಷ ವಸಂತದಲ್ಲಿ ಅವರನ್ನು ಒಳಗೆ ಕರೆದುಕೊಳ್ಳಲೇಬೇಕಾಯಿತು.

1989ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿಸಿ ಬೀದಿಗಿಳಿಯುವವರ ಮೇಲೆ ಗುಂಡು ಹಾರುತ್ತದೆ ಎಂದೇ ಎಲ್ಲರೂ ನಂಬಿದ್ದರು. ಬೆಂಚುಗಳನ್ನು ತುಂಬಿಸಿಬಿಡಲು ಆಳುವ ಪಕ್ಷ ತನ್ನ ನೂರಾರು ಜನರನ್ನು ಮಧ್ಯಾಹ್ನವೇ ಕಳಿಸಿತ್ತು. ಫ್ಯೂರರ್ ಆ ಪಕ್ಷದವರನ್ನೂ ಸ್ವಾಗತಿಸಿದರು. ಮೇಲಿನ ಗ್ಯಾಲರಿಗಳನ್ನು ಮಾತ್ರ ಕೆಲಸ ಮುಗಿಸಿ ಬರುವವರಿಗೆಂದು ಮುಚ್ಚಿಟ್ಟರು. ಪಕ್ಷದವರೂ ಅಂದು ಕುಳಿತು ಯೇಸುವಿನ ಪರ್ವತ ಪ್ರಸಂಗದ ಮಾತು ಕೇಳಿಸಿಕೊಂಡರು. ಹೊರಗೆ ಬಂದರೆ ಎಪ್ಪತ್ತು ಸಾವಿರ ಜನ. ಮೇಣದಬತ್ತಿ ಹಿಡಿಯಲು ಒಂದು ಕೈ ಬೇಕು, ಗಾಳಿಗೆ ಮರೆ ಮಾಡಲು ಇನ್ನೊಂದು ಬೇಕು, ಹಾಗಾಗಿ ಕಲ್ಲು ಹಿಡಿಯಲು ಕೈ ಉಳಿಯುವುದಿಲ್ಲ ಎಂದು ಫ್ಯೂರರ್ ಆಮೇಲೆ ಹೇಳುತ್ತಿದ್ದರು. ಗುಂಡು ಹಾರಲಿಲ್ಲ. ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

ಮಂಗಳೂರಿನ ಆ ಹಿರಿಯರಿಗೆ ಇವತ್ತು ನಾನು ಇಷ್ಟು ಹೇಳಬಲ್ಲೆ: ನೀವು ಹೇಳಿದಂತೆ ಇಲ್ಲಿನವರು ಪ್ರಾರ್ಥನೆಯನ್ನೇ ಮಾಡಿದರು, ಅಂಕಲ್. ಆದರೆ ಬಾಗಿಲು ಹಾಕಿಕೊಂಡು ಮಾಡಲಿಲ್ಲ. ನಮ್ಮ ಶಾಲೆ, ನಮ್ಮ ಜಾಗ, ನಮ್ಮ ಗೋರಿಸ್ಥಾನ ಎಂದು ಬರೀ ನಮ್ಮದಕ್ಕಾಗಿ ಮನವಿ ಕೊಟ್ಟರೆ ಅದೂ ನಮ್ಮ ಹಕ್ಕೇ. ಆದರೆ ನಮ್ಮವರಲ್ಲದವರ ಪರವಾಗಿ ಬಾಯಿ ತೆರೆದ ದಿನವೇ ಊರು ಸಭೆಯ ಮಾತಿಗೆ ಕಿವಿ ಕೊಡುತ್ತದೆ. ನಾನು ಇದನ್ನು ಮನಸಾರೆ ನಂಬುತ್ತೇನೆ.

ಕಳೆದ ನವೆಂಬರಿನಲ್ಲಿ ಒಂದು ಸೋಮವಾರದ ಸರದಿ ನಮ್ಮ ವಿದ್ಯಾರ್ಥಿ ಕೂಟಕ್ಕೆ ಬಂತು. ಬ್ರೆಡ್ಡು, ಚೀಸು, ಒಂದು ಪಾತ್ರೆ ಸೂಪು ಇಟ್ಟುಕೊಂಡು ಯಾರಿಗಾಗಿ ಪ್ರಾರ್ಥಿಸಬೇಕೆಂದು ಮೂರು ಗಂಟೆ ಚರ್ಚಿಸಿದೆವು. ನನ್ನ ಲ್ಯಾಬಿನಲ್ಲಿ ಸಿರಿಯಾದ ಗೆಳೆಯನೊಬ್ಬನಿದ್ದಾನೆ, ಮುಸ್ಲಿಂ. ಅವನ ತಮ್ಮ ವೀಸಾ ಸಿಗದೆ ಎರಡು ವರ್ಷದಿಂದ ಬೇರೊಂದು ದೇಶದಲ್ಲಿ ಒಬ್ಬಂಟಿಯಾಗಿ ಕಾಯುತ್ತಿದ್ದಾನೆ. ಅವನನ್ನೂ, ಅವನಂತೆ ಕಾಯುತ್ತಿರುವವರನ್ನೂ ನೆನೆಯೋಣ ಎಂದಾಯಿತು. ಗೆಳೆಯನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಸರನ್ನು ಸರಿಯಾಗಿ ಹೇಳ್ತೀರಾ?" ಎಂದ. ಕಾಫಿ ಮೆಷಿನ್ನಿನ ಹತ್ತಿರ ನಿಂತು ಹತ್ತು ಸಲ ಹೇಳಿಸಿದ. ನಡುವೆ ಬರುವ ಗಂಟಲಿನ ಒಂದು ಅಕ್ಷರ ನನ್ನ ನಾಲಿಗೆಗೆ ಒಗ್ಗಲೇ ಇಲ್ಲ.

ಸೋಮವಾರ ಅವನು ಬಂದು ಕೊನೆಯ ಬೆಂಚಿನಲ್ಲಿ, ಕೋಟು ಬಿಚ್ಚದೆ ಕುಳಿತ. ನಾನು ಮೊದಲು ಜರ್ಮನ್‌ನಲ್ಲಿ, ಆಮೇಲೆ ಕನ್ನಡದಲ್ಲಿ ಪ್ರಾರ್ಥಿಸಿದೆ. ಎರಡರಲ್ಲೂ ಆ ಹೆಸರು ಬಂತು. ಮುಗಿದ ಮೇಲೆ, ಪ್ರತಿ ವಾರ ಎರಡನೇ ಸಾಲಿನಲ್ಲಿ ಕೂರುವ ವಯಸ್ಸಾದ ಹೆಂಗಸೊಬ್ಬರು ಎದ್ದುಹೋಗಿ ಒಂದು ಬತ್ತಿ ಹಚ್ಚಿ, ಕೈಯಿಂದ ಮರೆ ಮಾಡಿಕೊಂಡು ತಂದು ಅವನ ಕೈಗೆ ಕೊಟ್ಟರು.

ಹೊರಗೆ ಸೈಕಲ್ಲಿನ ಬೀಗ ತೆಗೆಯುತ್ತ ಅವನು ಹೇಳಿದ: "ಎರಡನೇ ಸಲ ಸರಿಯಾಗಿ ಹೇಳಿದೆ. ನಿನ್ನ ಭಾಷೆಯಲ್ಲಿ."