ಗುಂಬಜಿಗೂ ಗಾಂಧಿ ಚೌಕಕ್ಕೂ ನಡುವೆ ಒಂದು ಲಾಡ್ಜು

23 ನವೆಂಬರ್ 2024, ಶನಿವಾರ
ವಿಜಯಪುರ

ನಾವು ಇಳಿದುಕೊಂಡಿರುವ ಲಾಡ್ಜಿನಲ್ಲಿ ಹೊಗಳುವಂಥದ್ದು ಜಾಸ್ತಿ ಏನಿಲ್ಲ. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ. ಕಿಟಕಿ ತೆಗೆದರೆ ಸ್ಟೇಷನ್ ರೋಡಿನ ಹಾರ್ನು. ಆದರೆ ಜಾಗ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ಈ ಊರಲ್ಲಿ ನೋಡುವಂಥದ್ದೆಲ್ಲ ಹೆಚ್ಚುಕಡಿಮೆ ಪೂರ್ವದಿಂದ ಪಶ್ಚಿಮಕ್ಕೆ ಹರಡಿದೆ. ಪೂರ್ವದ ತುದಿಗೆ ಗೋಲಗುಂಬಜ್, ಪಶ್ಚಿಮದಲ್ಲಿ ಕೋಟೆ ದಾಟಿದರೆ ಇಬ್ರಾಹಿಂ ರೋಜಾ, ನಡುವೆ ಹಳೇ ಅರಮನೆಗಳು. ನಡುವೆ ಎಲ್ಲಾದರೂ ರೂಮು ಸಿಕ್ಕರೆ ಅರ್ಧ ಊರು ಕಾಲ್ನಡಿಗೆಯಲ್ಲೇ ಮುಗಿಯುತ್ತದೆ. ಹೊರವಲಯದ ದೊಡ್ಡ ಹೋಟೆಲಿನಲ್ಲಿ ಲಿಫ್ಟು, ಈಜುಕೊಳ ಇರಬಹುದು. ಆದರೆ ಮಧ್ಯಾಹ್ನ ಬಂದು ಬೆನ್ನು ನೆಟ್ಟಗೆ ಮಾಡಿಕೊಳ್ಳೋಕೆ ಅಷ್ಟು ದೂರ ಯಾರು ಹೋಗ್ತಾರೆ?

ರಾತ್ರಿಯೇ ಕೌಂಟರಿನವರು ಹೇಳಿದ್ದರು: "ಅಕ್ಕಾರ, ಗುಂಬಜಿಗೆ ನಸುಕಿನ್ಯಾಗ ಹೋಗ್ರಿ. ಸಾಲಿ ಹುಡುಗೂರು ಬಂದ್ರಂದ್ರ ಏನೂ ಕೇಳಂಗಿಲ್ಲ." ಇದು ಶಾಲಾ ಪ್ರವಾಸದ ಕಾಲ, ಅವರ ಮಾತು ಸುಳ್ಳಲ್ಲ. ತಣ್ಣೀರಲ್ಲೇ ಸ್ನಾನ ಮುಗಿಸಿ ಹೊರಟೆವು.

ಅವ್ವನಿಗೆ ಮೊಣಕಾಲು ನೋವು. "ನೀ ಏರಿ ಬಾ, ನಾ ಇಲ್ಲೇ ಹುಲ್ಲಿನ ಮ್ಯಾಲೆ ಕುಂದರ್ತೀನಿ" ಅಂದರು. ಮೂಲೆಯಲ್ಲಿರುವ ಏಳಂತಸ್ತಿನ ಮಿನಾರಿನ ಒಳಗೇ ಮೆಟ್ಟಿಲು. ಕಿರಿದು, ಒಂದೊಂದೂ ಎತ್ತರ. ಇಳಿಯುವವರು ಎದುರಾದರೆ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಮೇಲೆ ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ನಾನಲ್ಲದೆ ಒಂದೇ ಜೋಡಿ ಇತ್ತು. ಅವನು ಆ ತುದಿಯಲ್ಲಿ ಗೋಡೆಗೆ ಬಾಯಿ ಹತ್ತಿರ ಇಟ್ಟು ಅವಳಿಗೆ ಏನೋ ಹೇಳಿದ. ಈ ತುದಿಯಲ್ಲಿದ್ದ ನನಗೂ ಪೂರ್ತಿ ಕೇಳಿಸಿತು. ಬರೆಯೋದಿಲ್ಲ ಬಿಡಿ. ಕೈಯಲ್ಲಿದ್ದ ಟಿಕೆಟ್ಟಿನ ಚೂರು ಹರಿದೆ, ಆ ಸಣ್ಣ ಸದ್ದೂ ಸುತ್ತು ಹಾಕಿತು.

ಒಳಗೆ ಅಡ್ಡಳತೆ ಸುಮಾರು 38 ಮೀಟರ್, ನಡುವೆ ಒಂದು ಕಂಬವಿಲ್ಲ. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು. ಎರಡಕ್ಕೂ ಹೊಂದಿಕೆ ಆಗಬೇಕಲ್ವಾ? ಅದಕ್ಕೆ ಎಂಟು ಕಮಾನುಗಳನ್ನು ಒಂದರ ಮೇಲೊಂದು ಹಾದುಹೋಗುವಂತೆ ಕಟ್ಟಿದ್ದಾರೆ. ಗುಮ್ಮಟದ ಭಾರ ಅವುಗಳ ಮೇಲೆ ಬಿದ್ದು ದಪ್ಪ ಗೋಡೆಗಳಿಗೆ ಇಳಿಯುತ್ತದೆ. ಎಲ್ಲರೂ ಕೂಗಿ ಪ್ರತಿಧ್ವನಿ ಎಣಿಸುತ್ತಾರೆ. ತಲೆ ಎತ್ತಿ ಈ ಕಮಾನುಗಳನ್ನು ನೋಡುವವರು ಕಡಿಮೆ. ಕೆಳಗೆ ಕಟ್ಟೆಯ ಮೇಲೆ ಕಾಣುವ ಗೋರಿಗಳು ಬರೀ ಗುರುತಿಗೆ. ಇಲ್ಲಿ ಆಳಿದ ಸುಲ್ತಾನ ಮುಹಮ್ಮದ್ ಆದಿಲ್ ಶಾಹಿಯ ನಿಜವಾದ ಸಮಾಧಿ ಅದರ ಕೆಳಗಿನ ನೆಲಮಾಳಿಗೆಯಲ್ಲಿದೆ. ಆತ ತೀರಿಕೊಂಡದ್ದು 1656ರಲ್ಲಿ.

ನಾನು ಇಳಿಯುವಾಗ ಮೊದಲ ಬಸ್ಸಿನ ಮಕ್ಕಳು ಸೀಟಿ ಹೊಡೆಯುತ್ತಾ ಹತ್ತುತ್ತಿದ್ದರು. ಮುಗೀತು.

ಅಲ್ಲಿಂದ ಜುಮ್ಮಾ ಮಸೀದಿ. 1576ರ ಸುಮಾರಿಗೆ ಒಂದನೇ ಅಲಿ ಆದಿಲ್ ಶಾಹಿ ಶುರು ಮಾಡಿದ್ದು. ನೆಲದ ಮೇಲೆ ನಮಾಜಿಗೆ ಒಬ್ಬೊಬ್ಬರಿಗೆ ಒಂದೊಂದು ಅಂತ ಕಪ್ಪು ಗೆರೆಯ ಮನೆಗಳು, 2250 ಇವೆಯಂತೆ. ಎಣಿಸೋಕೆ ಹೋಗಲಿಲ್ಲ. ಆಸರ್ ಮಹಲಿನಲ್ಲಿ ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ. ಎದುರಿನ ಕೊಳದ ಕಡೆಯಿಂದ ಆ ಎತ್ತರದ ಮರದ ಕಂಬಗಳನ್ನಷ್ಟೇ ನೋಡಿ ಬಂದೆವು. "ನ್ಯಾಯಾ ಹೇಳೋ ಮನಿ ಅಂತ ಕಟ್ಟಿದ್ರಂತ ನೋಡು" ಅಂತ ಅವ್ವ ನಕ್ಕರು.

ನವೆಂಬರ್ ಆದರೂ ಹನ್ನೊಂದರ ಹೊತ್ತಿಗೆ ಬಿಸಿಲು ಚುರುಕಾಯಿತು. ರೂಮಿನ ಹಿಂದಿನ ಗಲ್ಲಿಯ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಆಮೇಲೆ ಎರಡು ತಾಸು ಒಳ್ಳೆ ನಿದ್ದೆ. ಈ ನಿದ್ದೆ ಇಲ್ಲದಿದ್ದರೆ ಅವ್ವ ಸಂಜೆ ಹೊರಗೇ ಬರುತ್ತಿರಲಿಲ್ಲ.

ಪಶ್ಚಿಮದ ಕಡೆಗೆ ಮಾತ್ರ ಆಟೋ ಬೇಕೇ ಬೇಕು. ದರ ಮೊದಲೇ ಮಾತಾಡಿಕೊಂಡು, ಕಾಯುವುದೂ ಸೇರಿ ಅಂತ ಖಾತ್ರಿ ಮಾಡಿಕೊಂಡು ಹತ್ತಬೇಕು. ದಾರಿಯಲ್ಲಿ ಬಾರಾ ಕಮಾನ್: ಎರಡನೇ ಅಲಿ ಆದಿಲ್ ಶಾಹಿಯ ಸಮಾಧಿ, ಮುಗಿಯದೇ ಉಳಿದದ್ದು. ಬರೀ ಕಮಾನು, ಮೇಲೆ ಆಕಾಶ. ಆಮೇಲೆ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿಯ ಕಡೆ ಸಿಂಹದ ಮುಖ, ಅದರ ದವಡೆಯೊಳಗೆ ಸಿಕ್ಕಿಕೊಂಡ ಪುಟ್ಟ ಆನೆ. ಅವ್ವ ತೋಪಿಗಿಂತ ಆ ಆನೆಯನ್ನೇ ಜಾಸ್ತಿ ಹೊತ್ತು ನೋಡಿದರು.

ಇಬ್ರಾಹಿಂ ರೋಜಾ ತಲುಪುವಾಗ ಬಿಸಿಲು ಇಳಿದಿತ್ತು. ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹಿ ತನ್ನ ರಾಣಿ ತಾಜ್ ಸುಲ್ತಾನಾಗೆಂದು ಕಟ್ಟಿಸಿದ ಸಮಾಧಿ, ಕೊನೆಗೆ ತಾನೂ ಅಲ್ಲೇ ಮಲಗಿದ. ಕಿಟಕಿಗಳ ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದಿದ್ದಾರೆ. ಗುಂಬಜಿನಲ್ಲಿ ಗಾತ್ರ ದೊಡ್ಡದು, ಇಲ್ಲಿ ಕೈಕೆಲಸ ದೊಡ್ಡದು. ಒಂದನ್ನೇ ನೋಡೋಕೆ ಟೈಮಿದ್ದರೆ ನಾನು ಇದನ್ನೇ ಆರಿಸ್ತೀನಿ.

ಬರುವವರಿಗೆ ಒಂದು ಮಾತು. ಸಂಕ್ರಾಂತಿ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ ಇರುತ್ತದೆ. ಆಗ ಗಾಂಧಿ ಚೌಕದ ಆಸುಪಾಸು ರೂಮು ಬೇಕಾದರೆ ಮೊದಲೇ ಫೋನ್ ಮಾಡಿ ಹಿಡಿದಿಟ್ಟುಕೊಳ್ಳಿ. ರೋಡಿನ ಕಡೆಯದು ಬೇಡ, ಹಿಂದಿನದು ಕೇಳಿ.