ಉಯಿಲಿನ ಕರಡಿಗೆ ಮೊದಲು ನಾನು ಕೇಳುವ ಕಾಗದಗಳು

ಉಯಿಲು ಬರೆಸಲು ನಮ್ಮ ವಕೀಲರ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಮನೆ, ಜಮೀನು, ಒಡವೆಗಳ ಪಟ್ಟಿಯನ್ನು ಸಿದ್ಧಮಾಡಿಕೊಂಡೇ ಬಂದಿರುತ್ತಾರೆ. ಯಾವುದು ಯಾರಿಗೆ ಸೇರಬೇಕೆಂಬುದೂ ಅವರ ಮನಸ್ಸಿನಲ್ಲಿ ನಿಶ್ಚಯವಾಗಿರುತ್ತದೆ. ಕರಡು ತಯಾರಿಸುವ ಕೆಲಸ ನನ್ನದು. ಆದರೂ ನಾನು ಆ ಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮೊದಲು, ವಿಮೆ, ಬ್ಯಾಂಕ್ ಠೇವಣಿ, ಷೇರು ಖಾತೆ ಮತ್ತು ನಿವೃತ್ತಿ ನಿಧಿಯ ಕಾಗದಗಳಲ್ಲಿ ನಾಮಿನಿಯೆಂದು ಯಾರ ಹೆಸರು ಕೊಟ್ಟಿದ್ದೀರಿ ಎಂದು ವಿಚಾರಿಸುತ್ತೇನೆ. ಈ ಪ್ರಶ್ನೆಗೆ ತಡವರಿಸದೆ ಉತ್ತರಿಸುವವರು ವಿರಳ.

ಒಬ್ಬರು ತಂದ ಕಡತದಲ್ಲಿ, ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ತುಂಬಿಕೊಟ್ಟ ವಿಮೆಯ ಅರ್ಜಿಯ ನಕಲಿತ್ತು. ನಾಮಿನಿಯ ಅಂಕಣದಲ್ಲಿ ತಾಯಿಯ ಹೆಸರು, ಪಾಲಿನ ಅಂಕಣದಲ್ಲಿ ನೂರಕ್ಕೆ ನೂರು. ತಾಯಿ ತೀರಿಕೊಂಡು ವರ್ಷಗಳೇ ಕಳೆದಿದ್ದವು. ಈ ನಡುವೆ ಅವರಿಗೆ ಮದುವೆಯಾಗಿ ಇಬ್ಬರು ಮಕ್ಕಳಾಗಿದ್ದರು. ಮಗಳಿಗೆ ಜೀವನಪೂರ್ತಿ ಆರೈಕೆ ಬೇಕಾಗುವ ಕಾಯಿಲೆಯಿತ್ತು, ಮತ್ತು ಆ ಆರೈಕೆಗೆಂದು ತಂದೆ ಮನಸ್ಸಿನಲ್ಲಿ ತೆಗೆದಿರಿಸಿದ್ದು ಇದೇ ವಿಮೆಯ ಹಣವನ್ನು. ನಾಮಿನಿ ಬದುಕಿಲ್ಲದಿರುವಾಗ, ವಾರಸುದಾರರು ಯಾರೆಂಬುದು ದಾಖಲೆಗಳಿಂದ ಸಾಬೀತಾಗುವವರೆಗೆ ಅಂಥ ಹಣ ಸಾಮಾನ್ಯವಾಗಿ ಕೈಸೇರುವುದಿಲ್ಲ. ಮಗಳ ಔಷಧದ ಖರ್ಚು ಅಷ್ಟು ಕಾಲ ಕಾಯುವಂಥದ್ದಲ್ಲ. ಆ ದಿನ ನಾವು ಉಯಿಲಿನ ಒಂದು ಸಾಲನ್ನೂ ಬರೆಯದೆ, ಮೊದಲು ನಾಮಿನಿ ಬದಲಾವಣೆಯ ಅರ್ಜಿಯನ್ನು ತುಂಬಿಸಿದೆವು.

ಆ ಒಂದು ಅಂಕಣದ ಬೆಲೆ ಎಲ್ಲ ದೇಶಗಳಲ್ಲೂ ಒಂದೇ ಅಲ್ಲ ಎಂಬುದು ಸಾಕಷ್ಟು ಜನರಿಗೆ ತಿಳಿದಿಲ್ಲ. ಅಮೆರಿಕದಲ್ಲಿ ಡ್ಯೂಪಾಂಟ್ ಕಂಪನಿಯ ನೌಕರರೊಬ್ಬರು 1974ರಲ್ಲಿ ತಮ್ಮ ಉಳಿತಾಯ ಯೋಜನೆಯ ನಮೂನೆಯಲ್ಲಿ ಪತ್ನಿಯ ಹೆಸರನ್ನು ಬರೆದಿದ್ದರು. 1994ರಲ್ಲಿ ವಿಚ್ಛೇದನವಾದಾಗ ಆಕೆ ಆ ಹಣದ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟರೂ ನಮೂನೆಯಲ್ಲಿದ್ದ ಹೆಸರು ಹಾಗೆಯೇ ಉಳಿಯಿತು. 2001ರಲ್ಲಿ ಅವರು ತೀರಿಕೊಂಡ ಮೇಲೆ ಸುಮಾರು 4 ಲಕ್ಷ ಡಾಲರ್ ಮಾಜಿ ಪತ್ನಿಗೆ ಪಾವತಿಯಾಯಿತು. ಮಗಳು ನ್ಯಾಯಾಲಯಕ್ಕೆ ಹೋದರೂ, ನಮೂನೆಯಲ್ಲಿದ್ದಂತೆ ಪಾವತಿಸಿದ್ದೇ ಸರಿಯೆಂದು ಅಲ್ಲಿನ ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪಿತ್ತಿತು. ಭಾರತದ ಕಾನೂನು ಬೇರೆ ದಾರಿ ಹಿಡಿದಿದೆ. ವಿಮೆಯ ನಾಮಿನಿ ಹಣವನ್ನು ಪಡೆದುಕೊಳ್ಳುವವರು ಮಾತ್ರ, ಅದರ ಒಡೆತನ ವಾರಸುದಾರರದು ಎಂದು ಭಾರತದ ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿತು. 2015ರ ತಿದ್ದುಪಡಿಯು ತಂದೆ, ತಾಯಿ, ಪತಿ, ಪತ್ನಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ವಿಮೆಯ ಹಣ ಅವರದ್ದೇ ಆಗುವಂತೆ ಮಾಡಿತು. ಷೇರುಗಳ ವಿಷಯದಲ್ಲಿ ಮಾತ್ರ ನಾಮನಿರ್ದೇಶನವು ಉತ್ತರಾಧಿಕಾರವನ್ನು ಮೀರಲಾರದೆಂದು ಅದೇ ನ್ಯಾಯಾಲಯ 2023ರಲ್ಲಿ ಸ್ಪಷ್ಟಪಡಿಸಿತು. ಹೀಗೆ ದೇಶದಿಂದ ದೇಶಕ್ಕೆ ಮಾತ್ರವಲ್ಲ, ಒಂದೇ ದೇಶದೊಳಗೆ ಹಣದ ಬಗೆಯಿಂದ ಬಗೆಗೂ ನಿಯಮ ಬದಲಾಗುವಾಗ, ಉಯಿಲಿನಲ್ಲಿ ಒಬ್ಬರ ಹೆಸರು, ನಮೂನೆಯಲ್ಲಿ ಇನ್ನೊಬ್ಬರ ಹೆಸರು ಇರುವಂತೆ ಬಿಡುವುದು, ಪ್ರೀತಿಯಿಂದಿರುವ ಒಡಹುಟ್ಟಿದವರನ್ನು ಕಟಕಟೆಗೆ ಹತ್ತಿಸಲು ನಾವೇ ದಾರಿ ಮಾಡಿಕೊಟ್ಟಂತೆ.

ಮಕ್ಕಳು ಚಿಕ್ಕವರಾಗಿದ್ದರೆ ಇನ್ನೊಂದು ಮಾತನ್ನು ನಾನು ಒತ್ತಿ ಹೇಳುತ್ತೇನೆ. ಮಗುವನ್ನು ಸಾಕಿ ಬೆಳೆಸುವ ಗುಣವೂ ಹಣವನ್ನು ಲೆಕ್ಕವಿಟ್ಟು ನಿರ್ವಹಿಸುವ ಗುಣವೂ ಒಬ್ಬರಲ್ಲೇ ಇರಬೇಕೆಂದೇನಿಲ್ಲ; ಪೋಷಕರಾಗಿ ಒಬ್ಬರನ್ನು, ಹಣದ ಜವಾಬ್ದಾರಿಗೆ ಮತ್ತೊಬ್ಬರನ್ನು ನೇಮಿಸುವುದೇ ನನ್ನ ದೃಷ್ಟಿಯಲ್ಲಿ ಲೇಸು. ಇಬ್ಬರನ್ನೂ ಮೊದಲೇ ಕೇಳಿ ಒಪ್ಪಿಗೆ ಪಡೆದಿರಬೇಕು. ಮೇಲೆ ಹೇಳಿದ ತಂದೆ, ಮಗಳ ಪಾಲನ್ನು ನೇರವಾಗಿ ಅವಳ ಹೆಸರಿಗೆ ಬರೆಯದೆ ಒಂದು ಟ್ರಸ್ಟ್ ಮಾಡಿ, ಅದಕ್ಕೆ ತಮ್ಮ ತಂಗಿಯನ್ನೂ ಒಬ್ಬ ಲೆಕ್ಕಪರಿಶೋಧಕರನ್ನೂ ಟ್ರಸ್ಟಿಗಳನ್ನಾಗಿ ನೇಮಿಸಿದರು. ಮಗಳ ದಿನಚರಿ, ಅವಳು ಯಾವುದಕ್ಕೆ ಹೆದರುತ್ತಾಳೆ, ಹೆದರಿದಾಗ ಹೇಗೆ ಸಮಾಧಾನಪಡಿಸಬೇಕು ಎಂಬುದನ್ನೆಲ್ಲ ಅವರು ಪ್ರತ್ಯೇಕ ಪತ್ರದಲ್ಲಿ ಬರೆದಿಟ್ಟರು. ಆ ಪತ್ರಕ್ಕೆ ಕಾನೂನಿನ ಬಲವಿಲ್ಲ, ಆದರೆ ಆ ಕಡತದಲ್ಲಿ ಅದಕ್ಕಿಂತ ಉಪಯುಕ್ತವಾದ ಕಾಗದ ಮತ್ತೊಂದಿರಲಿಲ್ಲ.

ಸಹಿಯ ವಿಚಾರ ಸರಳ. ಇಂಗ್ಲೆಂಡ್, ಭಾರತ ಎರಡೂ ಕಡೆ ಸಾಮಾನ್ಯವಾಗಿ ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿ ಹಾಕಿದವರಿಗಾಗಲಿ ಅವರ ಪತಿ ಅಥವಾ ಪತ್ನಿಗಾಗಲಿ ಬರೆದ ಪಾಲು ಇಂಗ್ಲೆಂಡಿನ 1837ರ ಕಾಯ್ದೆಯಂತೆ ಅಸಿಂಧುವಾಗುತ್ತದೆ. ಆದ್ದರಿಂದ ಎಲ್ಲಿಯೇ ಆಗಲಿ ಪಾಲುದಾರರಲ್ಲದವರಿಂದ ಸಾಕ್ಷಿ ಹಾಕಿಸುವುದು ಕ್ಷೇಮ. ಚಿಕಿತ್ಸೆಯ ಬಗೆಗಿನ ಇಚ್ಛೆಯನ್ನು ಉಯಿಲಿನಲ್ಲಿ ಸೇರಿಸಿ ಪ್ರಯೋಜನವಿಲ್ಲ, ಏಕೆಂದರೆ ಉಯಿಲು ಜಾರಿಗೆ ಬರುವುದು ವ್ಯಕ್ತಿ ತೀರಿಕೊಂಡ ಮೇಲೆ. ಅದಕ್ಕೆ ಪ್ರತ್ಯೇಕ ಪತ್ರ ಬೇಕು. ಭಾರತದಲ್ಲಿ 2018ರ ತೀರ್ಪಿನಿಂದ ಅದಕ್ಕೆ ಮಾನ್ಯತೆಯಿದೆ.

ಸಹಿಯಾದ ಮೇಲೆ ಮೂಲಪ್ರತಿ ಎಲ್ಲಿರುತ್ತದೆ ಎಂಬುದನ್ನು ಉಯಿಲಿನ ನಿರ್ವಾಹಕರಿಗೆ ಅಂದೇ ತಿಳಿಸುವಂತೆ ಕೇಳಿಕೊಳ್ಳುತ್ತೇನೆ. ಬರೆದವರ ವಶದಲ್ಲಿದ್ದ ಮೂಲಪ್ರತಿ ಅವರ ಮರಣಾನಂತರ ಸಿಗದಿದ್ದರೆ, ಅವರೇ ಅದನ್ನು ರದ್ದುಪಡಿಸಿರಬಹುದೆಂದು ಇಂಗ್ಲೆಂಡಿನ ನ್ಯಾಯಾಲಯಗಳು ಭಾವಿಸುತ್ತವೆ; ಆಗ ಹಾಗಲ್ಲವೆಂದು ಸಾಬೀತುಪಡಿಸುವ ಹೊರೆ ಮನೆಯವರ ಮೇಲೆ ಬೀಳುತ್ತದೆ. ಖಾತೆಗಳ ಪಟ್ಟಿಯೊಂದನ್ನು ಅದರ ಜೊತೆಗಿರಿಸಿ, ಮದುವೆ, ಹೆರಿಗೆ, ವಿಚ್ಛೇದನ, ಸಾವು ಇವುಗಳಲ್ಲಿ ಯಾವುದೇ ಆದಾಗ ಉಯಿಲು ಮತ್ತು ನಾಮಿನಿ ಕಾಗದಗಳೆರಡನ್ನೂ ಒಟ್ಟಿಗೆ ತೆಗೆದು ನೋಡಿ ಎಂದು ಹೇಳಿ ಕಡತವನ್ನು ಹಿಂದಿರುಗಿಸುತ್ತೇನೆ.