ರಜೆಯ ಗೆಳತಿಯನ್ನು ಯಾಕೆ ಹುಡುಕಲಿಲ್ಲ?

ಸಾಗರ ತಾಲ್ಲೂಕಿನ ತುಮರಿ ಕಡೆಯ ನಮ್ಮ ಅಜ್ಜಿಮನೆ, ಚಿಕ್ಕಂದಿನಲ್ಲಿ ಅಲ್ಲಿ ಕಳೆಯುತ್ತಿದ್ದ ಬೇಸಿಗೆ ರಜೆ, ಪಕ್ಕದ ಮನೆಯ ಮೊಮ್ಮಗಳು. ಇವುಗಳ ಮಾತು ತೆಗೆದಾಗೆಲ್ಲ ಕಡೆಗೆ ಬರುವುದು ಒಂದೇ ಪ್ರಶ್ನೆ: ಅವಳು ಈಗ ಎಲ್ಲಿದ್ದಾಳೆ, ಫೇಸ್‌ಬುಕ್ಕಲ್ಲಿ ಹುಡುಕಲಿಲ್ವಾ? ಇಲ್ಲ, ಹುಡುಕಿಲ್ಲ. ಜಗಳ ಆಗಿತ್ತಾ ಅಂದರೆ ಅದೂ ಇಲ್ಲ.

ನಾನು ಶಿವಮೊಗ್ಗದವಳು, ಅವಳು ಧಾರವಾಡದವಳು. ಏಪ್ರಿಲ್ 10ಕ್ಕೆ ರಿಸಲ್ಟ್ ಬಂತೆಂದರೆ ಸಾಗರದ ಬಸ್ಸು, ಶರಾವತಿ ಹಿನ್ನೀರು ದಾಟಲು ಹೊಳೆಬಾಗಿಲಿನ ಲಾಂಚ್, ಆಮೇಲೆ ನಡಿಗೆ. ಲಾಂಚ್ ದಾಟಿದ ಮೇಲೆ ನನ್ನ ಮಾರ್ಕ್ಸು ಯಾರಿಗೂ ಬೇಕಿರಲಿಲ್ಲ. ಕ್ಲಾಸಿನಲ್ಲಿ ನಾನು ಬಾಯಿ ಬಿಡದ ಹುಡುಗಿ. ಅವಳ ಎದುರು ಬಾಯಿ ಮುಚ್ಚುತ್ತಲೇ ಇರಲಿಲ್ಲ, ಯಾಕೆಂದರೆ ನಾನು ಸುಮ್ಮನಿರುವವಳು ಅಂತ ಅವಳಿಗೆ ಗೊತ್ತೇ ಇರಲಿಲ್ಲವಲ್ಲ!

ಮೇ ಹೊತ್ತಿಗೆ ಶರಾವತಿ ಹಿನ್ನೀರು ಇಳಿದು ಒಣ ಮರದ ಬೊಡ್ಡೆಗಳು ಮೇಲೆ ಬರುತ್ತಿದ್ದವು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಅವಳ ಅಜ್ಜನ ಹಳೇ ಮನೆ ಮುಳುಗಡೆಯಾಗಿತ್ತು. ನೀರು ತೀರಾ ಕೆಳಗೆ ಹೋದರೆ ಅದರಲ್ಲೇ ಮುಳುಗಿದ 1948ರ ಹಿರೇಭಾಸ್ಕರ ಅಣೆಕಟ್ಟೇ ಕಾಣಿಸುತ್ತದೆ, ಇನ್ನು ಅಜ್ಜನ ಮನೆ ಯಾಕೆ ಕಾಣಿಸಬಾರದು ಅನ್ನುವುದು ಅವಳ ವಾದ. ಹುಡುಕಲು ಹೋಗಿ ಮೊಣಕಾಲುದ್ದ ಕೆಸರಲ್ಲಿ ಸಿಕ್ಕಿಬಿದ್ದು ಬೈಸಿಕೊಂಡಿದ್ದೇವೆ.

ಹಲಸಿನ ಹಪ್ಪಳ ಕಾಯುವುದು ನಮ್ಮಿಬ್ಬರ ಕೆಲಸ. ಬಲಿತ ಕಾಯಿಯ ತೊಳೆ ಬೇಯಿಸಿ, ಉಪ್ಪು ಖಾರ ಹಾಕಿ ಒರಳಲ್ಲಿ ಕುಟ್ಟಿ, ಉಂಡೆ ಕಟ್ಟಿ, ಮಣೆಯಿಂದ ಒತ್ತುವುದೆಲ್ಲ ದೊಡ್ಡವರದ್ದು. ಚಾಪೆಯ ಪಕ್ಕ ಕೋಲು ಹಿಡಿದು ಕಾಗೆ ಓಡಿಸುವುದು ಮಕ್ಕಳದ್ದು. (ಅರ್ಧ ಒಣಗಿದ ಹಪ್ಪಳ ಕದ್ದು ತಿನ್ನುವ ರುಚಿ ಕರಿದದ್ದಕ್ಕೆ ಇಲ್ಲ. ಇದನ್ನು ಒಪ್ಪದವರ ಜೊತೆ ನನಗೆ ಮಾತಿಲ್ಲ.)

ಏಳನೇ ಕ್ಲಾಸ್ ಮುಗಿದ ರಜೆಯಲ್ಲಿ ಒಂದು ಬೆಳಿಗ್ಗೆ ಅವಳು ಅಂಗಳಕ್ಕೆ ಬರಲಿಲ್ಲ. ಕೇಳಿದರೆ ಅವಳಜ್ಜಿ, 'ಕಾಗೆ ಮುಟ್ಟಿದೆ ಮಾರಾಯ್ತಿ, ಹತ್ತಿರ ಹೋಗಬೇಡ' ಅಂದರು. 'ಯಾವ ಹಪ್ಪಳಕ್ಕೆ?' ಅಂತ ನಾನು. ಹೆಂಗಸರೆಲ್ಲ ನಕ್ಕರೇ ಹೊರತು ಒಬ್ಬರೂ ಏನೂ ಹೇಳಲಿಲ್ಲ.

ಹೇಳಿದ್ದು ಅವಳೇ. ಜಗಲಿಯ ತುದಿಯಲ್ಲಿ ಕಂಬಳಿ, ತಟ್ಟೆ, ಲೋಟ ಬೇರೆ ಇಟ್ಟುಕೊಂಡು ಕೂತಿದ್ದವಳು ಅಲ್ಲಿಂದಲೇ ಎಲ್ಲ ವಿವರಿಸಿದಳು: ಹೊಟ್ಟೆ ಎಲ್ಲಿ ನೋಯುತ್ತದೆ, ಬಟ್ಟೆ ಹೇಗೆ ಮಡಚಬೇಕು, ಒಗೆದದ್ದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಎಲ್ಲಿ ಒಣಗಿಸಬೇಕು. ದೊಡ್ಡವರು ಒಳಗೆ ಹೋದ ಕೂಡಲೇ ನಾನು ಹಪ್ಪಳದ ಹಿಟ್ಟಿನ ಉಂಡೆಯನ್ನು ಚೆಂಡಿನ ಹಾಗೆ ಎಸೆಯುತ್ತಿದ್ದೆ, ಅವಳು ಹಿಡಿಯುತ್ತಿದ್ದಳು. ಮುಟ್ಟಲಿಲ್ಲ ಅಲ್ವಾ, ಮೈಲಿಗೆ ಎಲ್ಲಿಂದ ಬಂತು? ಮುಂದಿನ ವರ್ಷ ನನ್ನ ಸರದಿ ಬಂದಾಗ ಅಮ್ಮ ಅವಸರದಲ್ಲಿ ಏನೋ ಹೇಳಲು ಹೊರಟಳು. ಗೊತ್ತು ಬಿಡು ಅಂದೆ.

ಹಾಗಾದರೆ ಯಾಕೆ ಬಿಟ್ಟುಹೋಯಿತು? ನಮ್ಮ ಗೆಳೆತನವನ್ನು ನಡೆಸುತ್ತಿದ್ದವರು ನಾವಲ್ಲ, ನಮ್ಮ ಅಜ್ಜಿಯರು. ವರ್ಷವರ್ಷ ಸೇರುವುದಕ್ಕೆ ನಾವು ಯಾವ ಪ್ರಯತ್ನವನ್ನೂ ಮಾಡಬೇಕಿರಲಿಲ್ಲ. ಬಸ್ಸು ಹತ್ತಿಸುತ್ತಿದ್ದರು, ಹೋಗಿ ಇಳಿಯುತ್ತಿದ್ದೆವು. ಅವಳಜ್ಜಿ ತೀರಿಕೊಂಡ ಮೇಲೆ ಅಜ್ಜನನ್ನು ಮಗ ಧಾರವಾಡಕ್ಕೆ ಕರೆದುಕೊಂಡು ಹೋದ. ತೋಟ ಗೇಣಿಗೆ ಹೋಯಿತು. ಇನ್‌ಲ್ಯಾಂಡ್ ಲೆಟರ್ ಬರೆದೆವು, ಆದರೆ ಕಾಗದದಲ್ಲಿ ಇಬ್ಬರೂ ಪರೀಕ್ಷೆಗೆ ಉತ್ತರ ಬರೆದ ಹಾಗೆ ಬರೆಯುತ್ತಿದ್ದೆವು. ನಿಂತೇ ಹೋಯಿತು. ನಿಜ ಹೇಳಬೇಕೆಂದರೆ ಆಗ ಅಳುವಷ್ಟು ಬೇಜಾರೇನೂ ಆಗಲಿಲ್ಲ, ಹೈಸ್ಕೂಲು ಬೇರೆ ಶುರುವಾಗಿತ್ತು.

'ಕಳೆದುಕೊಂಡೆ' ಅಂತ ನನ್ನ ಬಾಯಲ್ಲಿ ಹೇಳಿಸಲು ನೋಡುವವರು ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಅವಳಿಂದ ಬರಬೇಕಾದದ್ದೆಲ್ಲ ಆ ವಯಸ್ಸಿಗೇ ಬಂದಿದೆ. ಈಗ ಸಿಕ್ಕರೆ ಮಕ್ಕಳ ಕಾಲೇಜು, ಮಂಡಿನೋವು, ಸೈಟಿನ ರೇಟು ಮಾತಾಡುತ್ತೇವೆ. ಅದನ್ನು ಮಾತಾಡುವುದಕ್ಕೆ ಅಪಾರ್ಟ್‌ಮೆಂಟ್ ತುಂಬ ಜನ ಇದ್ದಾರೆ.

2025ರ ಜುಲೈನಲ್ಲಿ ಅದೇ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆ ಆದಾಗ ಊರಿನ ಸಂಬಂಧಿಕರೊಬ್ಬರು ಫೋನ್ ಮಾಡಿ, ಈಗ ಕಾರಲ್ಲೇ ಬರಬಹುದು, ಅವಳ ನಂಬರೂ ಸಿಗುತ್ತೆ, ಕಳಿಸ್ಲಾ ಅಂದರು. ಬೇಡ ಅಂದೆ. ಅವಳಾಗಿ ಕೇಳಿದರೆ ಮಾತ್ರ ನನ್ನದನ್ನು ಕೊಡಿ ಅಂತ ಹೇಳಿಟ್ಟಿದ್ದೇನೆ.